ಬರೋ ಐತವಾರ

ಡಾಕ್ಟರು ಚೀಟಿ ಮಡಚಿ ಕೊಟ್ಟು ಅಂದರು:
ಸಕ್ಕರಿ ಗಡಿ ಮ್ಯಾಲ ನಿಂತದ, ಏನರೆ ಒಂದು ಹಚ್ಚಿಕೋರಿ,
ಮೈ ಬೆವರೋ ಅಂಥಾದ್ದು.
ಯಾದಗಿರಿಯಾಗ ಗುಡ್ಡ ಬಿಟ್ಟರ ಮತ್ತೇನದ?
ಪೋಸ್ಟಾಫೀಸಿನ ಕಿಟಕಿಯಿಂದ ಇಪ್ಪತ್ತೊಂದು ವರ್ಷ ನೋಡೀನಿ,
ಒಮ್ಮಿನೂ ಅದು ನನ್ನ ಕಡಿ ಹೊಳ್ಳಿ ನೋಡಿಲ್ಲ.

ನಸೀಮಾ ಅಂತಾಳ, ನಡಿ.
ಅಗಸಿ ದಾಟಿ ಮೆಟ್ಟಲು ಏರಿ ತೋಪಿನ ತನಕ,
ಅಲ್ಲಿಂದ ಸೀತಾಫಲದ ಕಂಟಿ ಹಿಡದು ಹಿಂದಿನ ಇಳಿಜಾರು,
ಏಳಕ್ಕ ಮನಿ.
ಬಾಟಲಿ ನೀರು, ಹಿಡಿ ಪುಟಾಣಿ, ಹಳೇ ಚಪ್ಪಲಿ ಸಾಕು.

ಮೌನೇಶ ಅಂತಾನ, ಕಲ್ಲು.
ಪಾರ್ಸಲ್ ವಿಂಗಡಿಸೋ ಹುಡುಗ, ಅಂಗೈ ಹಲಗಿಯಂಗ.
ಹಾಸ್ಟೆಲಿನವರು ಒಗದ ಗಾದಿ ಬೈಕಿನ ಹಿಂದ ಕಟ್ಟಿಕೊಂಡು
ಬೆಳ್ಳಂಬೆಳಿಗ್ಗೆ ಹೋಗ್ತಾನ. ಬಿದ್ದರ ಬೀಳಾಕ.

ಮೂರು ಐತವಾರ ನಸೀಮಾನ ಹಿಂದ ನಡದೆ.
ಕಾಲು ನಡದವು, ಬಾಯಿ ನಡೀತು,
ತಲಿಯಾಗ ಆರ್‌ಡಿ ಖಾತೆಯ ಬಾಕಿ ನಡೀತು,
ನಾದಿನಿ ಆಡಿದ ಮಾತು ಮೆಟ್ಟಲಿಗೊಮ್ಮೆ ಮ್ಯಾಲ ಬಂತು.
ತೋಪಿನ ಕಬ್ಬಿಣ ಇನ್ನೂ ರಾತ್ರಿಯಷ್ಟು ತಣ್ಣಗ.
ಕೆಳಗ ರೈಲು ರಾಯಚೂರ ಕಡಿ ಹೊಲಿಗಿ ಹಾಕ್ಕೋತ ಹೊಂಟಿತ್ತು.
ಹಗುರಾತು, ಸುಳ್ಳು ಹೇಳಬಾರದು.
ಆದರ ಹೊತ್ತು ಒಯ್ದದ್ದೆಲ್ಲಾ
ನನ್ನ ಜೋಡಿನೇ ಇಳದು ಬಂತು.

ನಾಕನೇ ಐತವಾರ ಕಲ್ಲು.
ಎರಡಾಳು ಎತ್ತರ, ಮಗ್ಗಲಾಗ ಕಟಕ ರೊಟ್ಟಿ ಸೀಳಿದಂಗ ಒಂದು ಬಿರುಕು.
ಸೀರಿ ಬಿಟ್ಟು ಮಗಳ ಟ್ರ್ಯಾಕ್‌ಪ್ಯಾಂಟು.
"ಅಕ್ಕಾರ, ಕೈಲೆ ಎಳೀಬ್ಯಾಡ್ರಿ, ಕಾಲು ನಂಬ್ರಿ."
ಕಾಲು ನಂಬಲಾಕ ನಲವತ್ತಾರು ವರ್ಷ ಬೇಕಾತು.
ಎಂಟಾಣೆಯಷ್ಟು ಒಂದು ಕುಳಿ, ಅದರಾಗ ಬಲಗಾಲ ಹೆಬ್ಬಟ್ಟು.
ತಲಿ ಮ್ಯಾಲ ಉಗುರಿನಷ್ಟು ಒಂದು ಅಂಚು, ಅದಕ್ಕ ಎಡಗೈ.
ನಡುವ ನಾ.
ನಾದಿನಿ ಇಲ್ಲ, ಬಾಕಿ ಇಲ್ಲ, ಐತವಾರ ಸುದ್ದಾ ಇಲ್ಲ.
ಮೂಗಿನ ಮುಂದ ಒಂದು ಇರುವಿ
ಯಾರನ್ನೂ ಕೇಳದ ಹತ್ತಿ ಹೋತು.

ಏಳು ಸಲ ಗಾದಿ ಮ್ಯಾಲ ಬಿದ್ದೆ.
ಯಾರದೋ ಪರೀಕ್ಷಿ ಹಿಂದಿನ ರಾತ್ರಿಯ ತಲಿ ಎಣ್ಣಿ ವಾಸನಿ ಅದಕ್ಕ.
ಎಂಟನೇ ಸಲ ಬೀಳಲಿಲ್ಲ, ಮ್ಯಾಲೂ ಹೋಗಲಿಲ್ಲ,
ಲಕೋಟಿಗೆ ಟಿಕೀಟು ಅಂಟಿದಂಗ
ಸುಮ್ನ ಅಂಟಿಕೊಂಡಿದ್ದೆ.
ಇಳಿಯೋದು ಹ್ಯಾಂಗ ಅಂತ ಮೌನೇಶ ಹೇಳಿರಲೇ ಇಲ್ಲ.

ಸೋಮವಾರ ಹಾಜರಿ ಮಷೀನಿಗೆ ಹೆಬ್ಬಟ್ಟು ಒತ್ತಿದೆ.
ಮತ್ತೊಮ್ಮೆ ಪ್ರಯತ್ನಿಸಿ.
ಒತ್ತಿದೆ.
ಮತ್ತೊಮ್ಮೆ ಪ್ರಯತ್ನಿಸಿ.
ತೊಗಲು ಸುಲದು ಕೆಂಪಗ ಕಂಡಿತ್ತು,
ಗೆರಿ ಎಲ್ಲಾ ಕಲ್ಲಿಗೆ ಬಿಟ್ಟು ಬಂದಿದ್ದೆ.
ಪೋಸ್ಟಮಾಸ್ತರರು ಕನ್ನಡಕದ ಮ್ಯಾಲಿಂದ ನೋಡಿದರು.
ಇದೇ ಮಾತು, ಇದೇ ದನಿಯಾಗ,
ವಾರಕ್ಕ ಇಪ್ಪತ್ತು ಮುದುಕೇರಿಗೆ ನಾನೇ ಹೇಳ್ತೀನಿ:
ಇನ್ನೊಮ್ಮಿ ಒತ್ತವ್ವ. ಜೋರಾಗಿ.
ಸೆರಗಿಗೆ ಒರಸಿ ಒತ್ತು. ನಾಳಿ ಬಾ.

ಹನ್ನೊಂದಕ್ಕ ಸಾಬಮ್ಮ ಬಂದಳು, ಪೆನ್ಶನ್ನಿಗೆ.
ಹೆಬ್ಬಟ್ಟು ಇಟ್ಟಳು, ಮಷೀನು ಒಲ್ಲೆ ಅಂತು.
ಆಕಿ ನನ್ನ ಬೆರಳಿನ ಪಟ್ಟಿ ನೋಡಿ,
"ಏನ್ ಮಾಡಿಕೊಂಡೀಯವ್ವ?"
"ಹತ್ತಲಾಕ ಹೋಗಿದ್ದೆ" ಅಂದೆ.
ಆಕಿಗೆ ಹತ್ತಿ ಅಂತ ಕೇಳಿಸಿರಬೇಕು.
"ನೀನೂ ಬಿಡಸಾಕ ಹೋಗ್ತಿಯೇನು? ಈ ಸಲ
ಕಿಲೋಕ್ಕ ಎಷ್ಟು ಕೊಡ್ಲಾಕತ್ಯಾರ?"
ಗೊತ್ತಿಲ್ಲ ಅಂದೆ. ಕಿರಿಬೆರಳು ಇಡು ಅಂದೆ.
ಬ್ಯಾಡ, ಆ ಕೈದು. ಹಗೂರಕ, ಒತ್ತಬ್ಯಾಡ,
ಕಾಲು ನಂಬಿದಂಗ ಇಡು.
ಏನ್ ತಿಳಿತೋ ಆಕಿಗೆ. ಇಟ್ಟಳು.
ಹಸರ ದೀಪ ಹತ್ತಿತು.

ಸಂಜಿಗೆ ನಸೀಮಾ ಫೋನ್ ಮಾಡಿದ್ದಳು,
ಬರೋ ಐತವಾರ ಯಾ ಕಡಿ ಅಂತ.
ತೊಗಲು ಬರೋತನಕ ನಡೀತೀನಿ ಅಂದೀನಿ.
ಮೌನೇಶನ ಮಾಳಗಿ ಮ್ಯಾಲ
ಗಾದಿ ಬಿಸಲಿಗೆ ಬಿದ್ದದ.